ಬೆಚ್ಚಗಿನ ಊರು

ಚಳಿಗಾಲದ ಬೆಳಿಗ್ಗೆ ನಮ್ಮ ಹಾಲ್‌ನಲ್ಲಿ ಚಾಪೆಯಷ್ಟಗಲ ಬಿಸಿಲು ಬೀಳುತ್ತದೆ. ಎಂಟು ಗಂಟೆಗೆ ಗೋಡೆಯ ಬುಡದಲ್ಲಿರುತ್ತದೆ, ಹತ್ತಕ್ಕೆ ಸೋಫಾದ ಹತ್ತಿರ ಬರುತ್ತದೆ, ಹನ್ನೊಂದೂವರೆಗೆ ಬಾಗಿಲ ಬಳಿ ಮಾಯವಾಗುತ್ತದೆ. ನಿವೃತ್ತಿಯಾದ ಮೊದಲ ವರ್ಷ ಇವರು ಅದರ ಹಿಂದೆಯೇ ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ಹೋಗುತ್ತಿದ್ದರು. ಕುರ್ಚಿ ಕರಕರ ಅಂದದ್ದನ್ನು ಕೇಳಿಯೇ ಒಳಗಿದ್ದ ನನಗೆ ಗಂಟೆ ಎಷ್ಟಾಯಿತು ಅಂತ ಗೊತ್ತಾಗುತ್ತಿತ್ತು. ಎರಡನೇ ವರ್ಷ ಕುರ್ಚಿ ಬಿಟ್ಟು ನನ್ನನ್ನು ಎಳೆದುಕೊಂಡು ಹೊರಟರು. ಬೆಚ್ಚಗಿರುವ ಊರಿಗೆ.

ಇವರು ಹುಟ್ಟಾ ಚಳಿ ಪುಕ್ಕಲ. ಮಾಗಿ ಇನ್ನೂ ದೂರ ಇರುವಾಗಲೇ ಮಫ್ಲರ್ ಕಿವಿಗೆ ಬಂದಿರುತ್ತದೆ. ನನಗೋ ಸೆಖೆ ಅಂದರೆ ಆಗದು. ಮದುವೆಯಾದಾಗಿನಿಂದ ಒಂದೇ ಹಾಸಿಗೆಯ ಮೇಲೆ ಎರಡು ಹವಾಮಾನ. ರಾತ್ರಿ ನಾನು ಫ್ಯಾನ್ ಹಾಕುತ್ತೇನೆ, ಇವರು ಎದ್ದು ಆರಿಸುತ್ತಾರೆ. ಹೊದಿಕೆ ಮಾತ್ರ ಒಂದೇ ದಿಕ್ಕಿಗೆ ಜರುಗುತ್ತದೆ. ಬೆಳಿಗ್ಗೆ ನೋಡಿದರೆ ಇವರು ಗೂಡಿನೊಳಗಿನ ರೇಷ್ಮೆಹುಳು.

ಎಲ್ಲಿಗೆ ಹೋಗುವುದು ಅನ್ನುವ ಚರ್ಚೆಯೇ ಒಂದು ತಿಂಗಳು ನಡೆಯಿತು. ಇವರು ಪಾಠ ಹೇಳಿ ರೂಢಿಯಿದ್ದವರು, ಅಷ್ಟು ಸುಲಭವಾಗಿ ಬಿಡುವವರಲ್ಲ. ಗುಡ್ಡದ ಮೇಲಿನಿಂದ ಸಾವಿರ ಮೀಟರ್ ಕೆಳಗಿಳಿದರೆ ಸಾಕು, ಸುಮಾರು 6.5 ಡಿಗ್ರಿ ಬೆಚ್ಚಗಾಗುತ್ತದಂತೆ. ಅದರ ಜೊತೆಗೆ ಸಮುದ್ರವೂ ಪಕ್ಕದಲ್ಲಿದ್ದರೆ ಇನ್ನೂ ಒಳ್ಳೆಯದು. ನೀರು ನಿಧಾನಕ್ಕೆ ಕಾಯುತ್ತದೆ, ನಿಧಾನಕ್ಕೇ ಆರುತ್ತದೆ. ನೆಲ ಹಾಗಲ್ಲ, ಬೇಗ ಬಿಸಿ, ಬೇಗ ತಣ್ಣಗೆ. ಹಾಗಾಗಿ ಕಡಲ ಪಕ್ಕದ ಊರಿನಲ್ಲಿ ಚಳಿಗಾಲದ ರಾತ್ರಿಯೂ ಮೈ ಕೊರೆಯುವುದಿಲ್ಲ. ಬೇಗ ಬಿಸಿ, ಬೇಗ ತಣ್ಣಗೆ ಅನ್ನುವಾಗ ನನ್ನ ಕಡೆ ನೋಡಿದ್ದು ಯಾಕೆ ಅಂತ ನಾನು ಕೇಳಲಿಲ್ಲ.

ಜನವರಿ ಮೊದಲ ವಾರದಲ್ಲಿ ಭೂಮಿ ಸೂರ್ಯನಿಗೆ ಅತಿ ಹತ್ತಿರ ಇರುತ್ತದೆ ಅಂತಲೂ ಇವರೇ ಹೇಳಿದ್ದು. ಆಗ ದೂರ ಸುಮಾರು 14.7 ಕೋಟಿ ಕಿಲೋಮೀಟರ್, ಜುಲೈಯಲ್ಲಿ 15.2 ಕೋಟಿ.

"ಹತ್ತಿರ ಬಂದಾಗಲೇ ಚಳಿಯಾ? ಇದ್ಯಾವ ನ್ಯಾಯ ರೀ?" ಅಂದೆ.

"ಹತ್ತಿರ ಇದ್ದರೆ ಸಾಲದು ಕಣೇ. ಭೂಮಿ 23.5 ಡಿಗ್ರಿ ವಾಲಿಕೊಂಡಿದೆ. ಆ ತಿಂಗಳು ನಮ್ಮ ಕಡೆಯ ಅರ್ಧಗೋಳ ಸೂರ್ಯನಿಂದ ಮುಖ ತಿರುಗಿಸಿಕೊಂಡಿರುತ್ತೆ. ಬಿಸಿಲು ಓರೆಯಾಗಿ ಬೀಳುತ್ತೆ, ಹಗಲೂ ಚಿಕ್ಕದು. ಅದಕ್ಕೇ ಚಳಿ."

ಮೂವತ್ತೇಳು ವರ್ಷ ಪಕ್ಕದಲ್ಲೇ ಕೂತು ಪೇಪರಿನೊಳಗೆ ಮುಖ ಹುದುಗಿಸಿಕೊಂಡಿದ್ದವರು ಹೇಳಿದ ಮಾತು ಇದು. ನನಗೆ ತಕ್ಷಣ ಅರ್ಥವಾಯಿತು.

ಹೀಗೆ ಬಿಸಿಲು ಹುಡುಕಿಕೊಂಡು ಹೋಗುವವರು ನಾವಿಬ್ಬರೇ ಅಲ್ಲ. ಕೆನಡಾದವರು, ಅಮೆರಿಕದ ಉತ್ತರದವರು ಚಳಿಗಾಲ ಬಂತೆಂದರೆ ಫ್ಲಾರಿಡಾ, ಅರಿಜೋನಾ ಕಡೆ ಗುಳೆ ಹೊರಡುತ್ತಾರೆ. ಅವರಿಗೆ ಸ್ನೋಬರ್ಡ್, ಅಂದರೆ ಹಿಮದ ಹಕ್ಕಿ ಅಂತಲೇ ಹೆಸರು. ಅರಿಜೋನಾದ ಕ್ವಾರ್ಟ್ಜ್‌ಸೈಟ್ ಅನ್ನುವುದು ಕೆಲವೇ ಸಾವಿರ ಜನರ ಪುಟ್ಟ ಊರು. ಚಳಿಗಾಲದಲ್ಲಿ ಅದರ ಸುತ್ತಲಿನ ಮರುಭೂಮಿಯ ತುಂಬ ಮನೆಗಾಡಿಗಳು ಬಂದು ನಿಲ್ಲುತ್ತವೆ. ಆದರೆ ಹಕ್ಕಿಗಿಲ್ಲದ ಲೆಕ್ಕ ಈ ಹಕ್ಕಿಗಳಿಗಿದೆ. ಕೆನಡಾದ ಒಂಟಾರಿಯೋದವರು 12 ತಿಂಗಳಲ್ಲಿ 212 ದಿನಕ್ಕಿಂತ ಜಾಸ್ತಿ ಹೊರಗೆ ಉಳಿದರೆ ಸರ್ಕಾರದ ಆರೋಗ್ಯ ವಿಮೆಗೇ ಕುತ್ತು ಬರಬಹುದು. ಅಂದರೆ ಬಿಸಿಲಲ್ಲಿ ಕೂತಾಗಲೂ ಒಂದು ಕಣ್ಣು ಕ್ಯಾಲೆಂಡರ್ ಮೇಲೆ. ಆಸ್ಟ್ರೇಲಿಯಾದವರದು ಇನ್ನೂ ತಮಾಷೆ. ಅಲ್ಲಿ ಚಳಿಗಾಲ ಅಂದರೆ ಜೂನ್, ಜುಲೈ. ತಲೆ ನರೆತ ದಂಪತಿಗಳು ಕಾರಿಗೆ ಕ್ಯಾರವಾನ್ ಕಟ್ಟಿಕೊಂಡು ಬೆಚ್ಚಗಿರಲಿ ಅಂತ ಉತ್ತರಕ್ಕೆ ಹೋಗುತ್ತಾರೆ. ಅವರನ್ನು ಗ್ರೇ ನೋಮ್ಯಾಡ್ಸ್ ಅನ್ನುತ್ತಾರೆ. ನರೆಗೂದಲ ಅಲೆಮಾರಿಗಳು ಅಂತ ನಾನು ಕನ್ನಡ ಮಾಡಿ ಹೇಳಿದೆ. ಇವರು ತಲೆ ಸವರಿಕೊಂಡು, "ನನಗೆ ಅನ್ವಯಿಸಲ್ಲ" ಅಂದರು. ಸವರಿಕೊಳ್ಳಲು ಅಲ್ಲಿ ಕೂದಲೇ ಇರಲಿಲ್ಲ.

ಬೆಚ್ಚಗಿನ ಊರಿಗೆ ಹೊರಡುವವರ ಸೂಟ್‌ಕೇಸ್ ಹಗುರ ಇರಬೇಕು, ಅಲ್ವಾ? ನಮ್ಮದು ಎತ್ತಲಾಗದು. ಮಾತ್ರೆಯ ಡಬ್ಬಿ, ಹಾಟ್ ವಾಟರ್ ಬ್ಯಾಗ್, ಮಂಡಿಗೆ ಹಾಕುವ ಪಟ್ಟಿ, ಎರಡು ಶಾಲು. ಇವೆಲ್ಲದರ ಮೇಲೆ ಇವರ ಕಂದು ಸ್ವೆಟರ್. ನಾನೇ ಹೆಣೆದದ್ದು. ಎಡ ತೋಳು ಬಲ ತೋಳಿಗಿಂತ ಎರಡು ಬೆರಳು ಉದ್ದ. ಅರ್ಧ ಹೆಣೆದಾಗ ಉಲ್ಲನ್ ಮುಗಿದು, ಬೇರೆ ಉಂಡೆ ತಂದದ್ದರಿಂದ ಎದೆಯ ಕೆಳಗೆ ಬಣ್ಣವೂ ಒಂಚೂರು ಬೇರೆ. ಚಳಿ ತಪ್ಪಿಸಿಕೊಳ್ಳಲು ಹೋಗುವಾಗ ಸ್ವೆಟರ್ ಯಾಕೆ ಅಂತ ಪ್ರತಿ ಸಲ ಕೇಳುತ್ತೇನೆ. "ಸುಮ್ನೆ ಇರಲಿ" ಅನ್ನುತ್ತಾರೆ. ಎರಡು ವರ್ಷ ಅದು ಸೂಟ್‌ಕೇಸ್‌ನಲ್ಲೇ ಕೂತು ಹೋಗಿ ಬಂತು, ಒಂದು ಸಲವೂ ಹೊರಗೆ ಬರಲಿಲ್ಲ.

ಅಲ್ಲಿಗೆ ಹೋಗಿ ನಾವು ಮಾಡುವುದೇನು? ಏನೂ ಇಲ್ಲ. ಬೆಳಿಗ್ಗೆ ಬಿಸಿಲಿಗೆ ಕೂರುತ್ತೇವೆ. ಹತ್ತು ಗಂಟೆಗೆ ನಾನು ನೆರಳಿಗೆ ಹೋಗುತ್ತೇನೆ. ಹನ್ನೊಂದಕ್ಕೆ ಇವರೂ ಬರುತ್ತಾರೆ, ಕುರ್ಚಿ ಎಳೆದುಕೊಂಡು. ಕರಕರ ಸದ್ದು ಅದೇ, ದಿಕ್ಕು ಮಾತ್ರ ಬೇರೆ. ಇಷ್ಟಾದರೂ ಇವರ ಬೆರಳು ಬಿಚ್ಚಿಕೊಳ್ಳುವುದು ನನಗೆ ಕಾಣುತ್ತದೆ. ಚಳಿಯಲ್ಲಿ ಕೈಕಾಲಿನ ರಕ್ತನಾಳ ಬಿಗಿದುಕೊಂಡು ಮೊದಲು ಬೆರಳುಗಳೇ ತಣ್ಣಗಾಗುತ್ತವೆ. ಮನೆಯಲ್ಲಿ ಅಂಗಿಯ ಗುಂಡಿ ಹಾಕಲು ನನ್ನನ್ನು ಕರೆಯುವವರು ಅಲ್ಲಿ ತಾವೇ ಹಾಕಿಕೊಳ್ಳುತ್ತಾರೆ. ಅದೊಂದು ನನಗೂ ಖುಷಿ. ಗುಂಡಿ ಒಂದು ಮನೆ ತಪ್ಪಿರುತ್ತದೆ, ಆ ಮಾತು ಬೇರೆ.

ಆದರೆ ಇವರ ದೊಡ್ಡ ಸಂತೋಷ ಇರುವುದು ಸಂಜೆಯ ಫೋನಿನಲ್ಲಿ. ಪಕ್ಕದ ಮನೆಯವರಿಗೆ ದಿನಾ ಫೋನ್. ಮೊದಲು ಗಿಡಕ್ಕೆ ನೀರು ಹಾಕಿದಿರಾ ಅನ್ನುವ ಪ್ರಶ್ನೆ. ಆಮೇಲೆ ನಿಜವಾದ ಪ್ರಶ್ನೆ. "ಚಳಿ ಹೇಗಿದೆ ಅಲ್ಲಿ?" ಸಿಕ್ಕಾಪಟ್ಟೆ ಇದೆ, ಹಲ್ಲು ಕಟಕಟ ಅಂತಿದೆ ಅಂದರೆ ಇವರ ಮುಖ ಅರಳುತ್ತದೆ. "ಅಯ್ಯೋ ಪಾಪ" ಅನ್ನುತ್ತಾರೆ. ಅಂಥ ಸುಖದ ಅಯ್ಯೋ ಪಾಪವನ್ನು ನಾನು ಬೇರೆಲ್ಲೂ ಕೇಳಿಲ್ಲ. ಫೋನ್ ಇಟ್ಟು ಕಾಲು ಚಾಚಿ, ಊರಿನ ಚಳಿಯನ್ನು ಇಲ್ಲಿ ಕೂತು ಅನುಭವಿಸುತ್ತಾರೆ.

ಈ ವರ್ಷ ಮೂರನೇ ಸಲ ಹೋದಾಗ, ನಾಲ್ಕನೇ ದಿನ ಆ ಕಡೆಯಿಂದ ಬೇರೆ ಉತ್ತರ ಬಂತು. ಸ್ಪೀಕರ್ ಹಾಕಿದ್ದರಿಂದ ನನಗೂ ಕೇಳಿಸಿತು. "ಎಲ್ಲಿಯ ಚಳಿ ಸಾರ್! ನೀವು ಹೋದ ಮಾರನೇ ದಿನದಿಂದ ಒಳ್ಳೆ ಬಿಸಿಲು. ರಾತ್ರಿ ಫ್ಯಾನ್ ಹಾಕ್ಕೊಂಡು ಮಲಗ್ತಿದ್ದೀವಿ."

ಇವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಗಿಡಗಳನ್ನು ಕೇಳುವುದೂ ಮರೆತುಹೋಯಿತು. "ನೆಟ್‌ವರ್ಕ್ ಸರಿ ಇಲ್ಲ ಅನ್ಸುತ್ತೆ" ಅಂತ ಫೋನ್ ಇಟ್ಟರು. ಕೊಟ್ಟ ದುಡ್ಡಿಗೆ ಮೋಸವಾದವರ ಹಾಗೆ ಸಮುದ್ರದ ಕಡೆ ನೋಡುತ್ತ ಕೂತರು. ನಾನು ನಗು ತಡೆದುಕೊಳ್ಳಲು ಒಳಗೆ ಹೋಗಿ ಬಟ್ಟೆ ಮಡಿಸತೊಡಗಿದೆ.

ಸಂಜೆ ದಡದಲ್ಲಿ ಓಡಾಡಲು ಹೊರಟಾಗ ಬಾಗಿಲಲ್ಲಿ ನಿಂತರು.

"ಇವತ್ತು ಗಾಳಿಯಲ್ಲಿ ಸ್ವಲ್ಪ ಚಳಿ ಇದೆ, ಅಲ್ವೇನೇ?"

ಇವರ ಹಣೆಯ ಮೇಲೆ ಬೆವರಿನ ಹನಿ ಸಾಲಾಗಿ ನಿಂತಿತ್ತು. ನಾನು "ಇದೆ ಇದೆ" ಅಂದು, ಸೂಟ್‌ಕೇಸ್ ತೆಗೆದು ಸ್ವೆಟರ್ ಕೊಟ್ಟೆ.