ಮಗುವಿಗೆ ಹಣ್ಣು, ಮಾವನಿಗೆ ಹಬ್ಬ

"ಆರು ತಿಂಗಳು ತುಂಬಿತಲ್ಲ, ಇನ್ನು ಮೆತ್ತಗಿನ ಹಣ್ಣು ಶುರು ಮಾಡಿ" ಅಂತ ಡಾಕ್ಟರು ಹೇಳಿದ್ದೇ ತಡ, ನಮ್ಮ ಮನೆಯಲ್ಲಿ ಮಗುವಿಗಿಂತ ಜಾಸ್ತಿ ಖುಷಿಪಟ್ಟವರು ಮಾವ. ಅವರಿಗೆ ಸಕ್ಕರೆ ಕಾಯಿಲೆ. ಬಾಳೆಹಣ್ಣು ಮನೆಯೊಳಗೆ ಬರುವುದೇ ನಿಂತುಹೋಗಿತ್ತು. ಈಗ ಮೊಮ್ಮಗಳ ಹೆಸರಿನಲ್ಲಿ ಏಲಕ್ಕಿ ಬಾಳೆ ಚಿಪ್ಪುಗಟ್ಟಲೆ ಬರುತ್ತಿದೆ.

ಇವತ್ತು ಬೆಳಗ್ಗೆ ಹಣ್ಣು ಸುಲಿದು, ನುಣ್ಣಗೆ ಕಿವುಚಿ ಬಟ್ಟಲಿಗೆ ಹಾಕಿಟ್ಟು, ಅವಳ ಬಿಬ್ ಎಲ್ಲಿ ಹೋಯಿತು ಅಂತ ಹುಡುಕಿಕೊಂಡು ಬರುವಷ್ಟರಲ್ಲಿ ಬಟ್ಟಲು ಖಾಲಿ. "ಹುಳಿ ಇದೆಯಾ ಅಂತ ನೋಡಿದೆ ಕಣಮ್ಮಾ" ಅಂದರು. ಸಿಪ್ಪೆ ಕಪ್ಪಾಗುವಷ್ಟು ಕಳಿತ ಹಣ್ಣಿನಲ್ಲಿ ಹುಳಿ ಎಲ್ಲಿಂದ ಬರಬೇಕು? ಅವರ ಪರೀಕ್ಷೆಗೆ ಒಂದು ಕ್ರಮವಿದೆ. ಮೊದಲ ಚಮಚ ಸಿಹಿ ನೋಡುವುದಕ್ಕೆ. ಎರಡನೆಯದು ಗಂಟು ಉಳಿದಿದೆಯಾ ಅಂತ. ಮೂರನೆಯದು ಮೊದಲೆರಡರ ಮೇಲೆ ಅನುಮಾನ ಬಂದಿದ್ದಕ್ಕೆ. ಸಪೋಟ ತಂದರೆ "ಬೀಜಕ್ಕೆ ಕೊಕ್ಕೆ ಇರುತ್ತೆ, ಮಗು ಗಂಟಲಿಗೆ ಸಿಕ್ಕಿಕೊಂಡರೆ?" ಅಂತ ತಾವೇ ಬಿಡಿಸಲು ಕೂರುತ್ತಾರೆ. ಕೊನೆಗೆ ನಮಗೆ ಸಿಗುವುದು ಆ ಬೀಜ ಮಾತ್ರ. ಹೊಸ ಹಣ್ಣು ಕೊಟ್ಟಾಗ ಮೈಗೆ ಒಗ್ಗುತ್ತಾ ಅಂತ ಮೂರು ದಿನ ಕಾದು ನೋಡಿ ಅಂದಿದ್ದರು ಡಾಕ್ಟರು. ಆ ಮಾತನ್ನು ಇವರು ತಮಗೇ ಹೇಳಿದ್ದು ಅಂದುಕೊಂಡಿದ್ದಾರೆ. ಬೇಯಿಸಿದ ಸೇಬಿನ ತಂಟೆಗೆ ಮಾತ್ರ ಹೋಗಲ್ಲ. ಸೇಬು ತಿನ್ನಬಹುದು ಅಂತ ಅವರ ಡಾಕ್ಟರೇ ಹೇಳಿಬಿಟ್ಟಿದ್ದಾರೆ, ಇನ್ನು ಅದರಲ್ಲೇನು ರುಚಿ ಅಲ್ವಾ?

ಅತ್ತೆ ಬೇರೆ, ಬಾಳೆ ಶೀತ, ಪಪ್ಪಾಯಿ ಉಷ್ಣ ಅಂತ ಅಡುಗೆಮನೆಯಿಂದಲೇ ಹವಾಮಾನ ವರದಿ ಕೊಡುತ್ತಾರೆ. ಮಗಳಂತೂ ಬಾಯಿಗೆ ಇಟ್ಟಿದ್ದನ್ನೆಲ್ಲ ನಾಲಿಗೆಯಿಂದ ಹೊರಗೆ ತಳ್ಳುತ್ತಾಳೆ. ಹೊಸದರಲ್ಲಿ ಎಲ್ಲ ಮಕ್ಕಳೂ ಹಾಗೇ, ಹಟವೇನಲ್ಲ. ಆದರೆ ಆ ಬಾಳೆಹಣ್ಣು ಬಿಳಿ ಅಂಗಿ ಮೇಲೆ ಬಿದ್ದು ಕಂದು ಕಲೆಯಾಯಿತೋ, ಯಾವ ಸೋಪಿಗೂ ಬಗ್ಗಲ್ಲ.

ವಿಚಿತ್ರ ಅಂದರೆ, ಮಾವ ಚಮಚ ಹಿಡಿದು 'ಆ' ಅಂದರೆ ಅವಳೂ ಬಾಯಿ ತೆರೆಯುತ್ತಾಳೆ. ನಾನಂದರೆ ಇಲ್ಲ. ಮೊನ್ನೆ ತಿನ್ನಿಸುತ್ತಾ, "ಇವಳಪ್ಪನಿಗೆ ನಾನು ಒಂದು ತುತ್ತೂ ತಿನ್ನಿಸಿಲ್ಲ. ನೈಟ್ ಶಿಫ್ಟ್ ಮುಗಿಸಿ ಬಂದು ಮಲಗಿಬಿಡ್ತಿದ್ದೆ" ಅಂದರು. ನಾನು ಸುಮ್ನೆ ಇನ್ನೊಂದು ಹಣ್ಣು ಸುಲಿದುಕೊಟ್ಟೆ.

ಆದರೂ ಮುಂದಿನ ವಾರ ಅವರ ರಕ್ತ ಪರೀಕ್ಷೆ ಇದೆ. ಇದು ಹಿಂದಿನ ಎರಡು-ಮೂರು ತಿಂಗಳ ಸಕ್ಕರೆಯ ಲೆಕ್ಕವನ್ನೇ ತೆಗೆಯುತ್ತೆ, ಹಿಂದಿನ ದಿನ ಉಪವಾಸ ಮಾಡಿ ಯಾಮಾರಿಸೋಕೆ ಆಗಲ್ಲ ಅಂತ ಹೇಳಿದೆ. ಮಾವ ಸ್ವಲ್ಪ ಹೊತ್ತು ಯೋಚಿಸಿದರು.

"ಹಾಗಾದರೆ ಬಾದಾಮಿ ಮಾವು ಬರೋದಕ್ಕೆ ಮುಂಚೆನೇ ಮುಗಿಸಿಬಿಡೋಣ."