ತೊಟ್ಟಿಕ್ಕುವ ಜಾಗ ಬೇರೆ, ಸೋರುವ ಜಾಗ ಬೇರೆ

ಬನಶಂಕರಿಯ ನಮ್ಮ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿಗೆ ಒಂದು ಬೆಳಗ್ಗೆ ಫೋಟೊ ಬಂತು. ಪಾರ್ಕಿಂಗ್ ನೆಲದ ಮೇಲೆ ಅಂಗೈ ಅಗಲದ ಕಪ್ಪು ಕಲೆ. ಕೆಳಗೆ ಕಾರ್ಯದರ್ಶಿಯವರ ಒಕ್ಕಣೆ: ‘ಸಂಬಂಧಪಟ್ಟವರು ದಯವಿಟ್ಟು ಗಮನಿಸಿ.’ ಸಂಬಂಧಪಟ್ಟವನು ಯಾರೆಂದು ಇಡೀ ಕಟ್ಟಡಕ್ಕೆ ಗೊತ್ತು. 1997ರ ಮಾರುತಿ ಝೆನ್ ಇಟ್ಟುಕೊಂಡವನು ಇಲ್ಲಿ ನಾನೊಬ್ಬನೇ. ನನಗೆ ನಾಚಿಕೆಯಾದದ್ದು ಕಲೆಗಲ್ಲ. ಅದೇ ಆಯಿಲ್ ಲೀಕ್ ನಿಲ್ಲಿಸಲೆಂದು ನಾನು ಒಂದು ಗ್ಯಾರೇಜಿಗೆ 14,000 ರೂಪಾಯಿ ಕೊಟ್ಟು ಆಗ ಎಂಟು ದಿನವೂ ಆಗಿರಲಿಲ್ಲ.

ಆ ಗ್ಯಾರೇಜಿನ ಹೆಸರು ಬೇಡ. ತಪ್ಪು ಅವರದ್ದು ಎಷ್ಟೋ ನನ್ನದೂ ಅಷ್ಟೇ. ಗಾಡಿಯನ್ನು ರ‍್ಯಾಂಪಿನ ಮೇಲೆ ಏರಿಸಿದರು, ಹುಡುಗನೊಬ್ಬ ಟಾರ್ಚ್ ಬಿಟ್ಟು ನೋಡಿದ. ಎಂಜಿನ್ ಮತ್ತು ಗೇರ್‌ಬಾಕ್ಸ್ ಕೂಡುವ ಬೆಲ್ ಹೌಸಿಂಗಿನ ತಳದಿಂದ ಎಣ್ಣೆ ತೊಟ್ಟಿಕ್ಕುತ್ತಿತ್ತು. ‘ಹಿಂದಿನ ಕ್ರ್ಯಾಂಕ್ ಸೀಲ್ ಹೋಗಿದೆ ಸಾರ್, ಗೇರ್‌ಬಾಕ್ಸ್ ಇಳಿಸಬೇಕು’ ಎಂದ. ಎಂಜಿನ್ನಿನ ಮುಖ್ಯ ಶಾಫ್ಟ್ ಹೊರಬರುವಲ್ಲಿ ಎಣ್ಣೆ ತಡೆಯುವ ರಬ್ಬರ್ ಉಂಗುರ ಅದು. ನಾನು ಕೇಳಿದ ಒಂದೇ ಪ್ರಶ್ನೆ, ‘ಎಷ್ಟಾಗುತ್ತದೆ?’ ಎಲ್ಲಿಂದ ಬರುತ್ತಿದೆ ಎಂದು ಹೇಗೆ ಗೊತ್ತಾಯಿತು ಎಂದು ಕೇಳಲಿಲ್ಲ. ಗೇರ್‌ಬಾಕ್ಸ್ ಇಳಿಯಿತು. ಇಳಿಸಿದ್ದೇ ಆಯಿತಲ್ಲ ಎಂದು ಕ್ಲಚ್ ಪ್ಲೇಟನ್ನೂ ಹೊಸದು ಹಾಕಿದರು. ತೆಗೆದ ಹಳೆಯ ಸೀಲನ್ನು ಕೈಗೆ ಕೊಟ್ಟರು. ಬೆರಳಲ್ಲಿ ಒತ್ತಿದರೆ ಮೆತ್ತಗೆ ಬಾಗುತ್ತಿತ್ತು, ಅಂಚು ಸರಿಯಾಗಿಯೇ ಇತ್ತು. ಅದರ ಅರ್ಥ ಆಗ ನನಗೆ ತಿಳಿಯಲಿಲ್ಲ.

ಫೋಟೊ ಬಂದ ಮೇಲೆ ವಿಲ್ಸನ್ ಗಾರ್ಡನ್ನಿನ ಒಂದು ಸಣ್ಣ ಶೆಡ್ಡಿಗೆ ಹೋದೆ. ಅಲ್ಲಿನ ಭಾಯ್ ನನ್ನ ತಂದೆಯ ಕಾಲದಿಂದ ಗೊತ್ತು. ಈಗ ವಯಸ್ಸಾಗಿದೆ, ಹೆಚ್ಚು ಗಾಡಿ ತೆಗೆದುಕೊಳ್ಳುವುದಿಲ್ಲ. ಬಾನೆಟ್ ಎತ್ತಿ, ಒಂದು ನಿಮಿಷ ನೋಡಿ, ಮುಚ್ಚಿಬಿಟ್ಟರು. ‘ಇದರಲ್ಲಿ ಏನು ಕಾಣುತ್ತದೆ ಸಾರ್? ಎಲ್ಲ ಕಡೆಯೂ ಎಣ್ಣೆ. ನಾಳೆ ಬೆಳಗ್ಗೆ ತನ್ನಿ, ಮೊದಲು ತೊಳೆಯೋಣ.’

ನನ್ನ ಮಟ್ಟಿಗೆ ಆಯಿಲ್ ಲೀಕ್ ರಿಪೇರಿಯ ಮುಕ್ಕಾಲು ಪಾಲು ಈ ತೊಳೆಯುವುದರಲ್ಲೇ ಇದೆ. ಇದನ್ನು ಮಾಡದೆ ಸ್ಪ್ಯಾನರ್ ಹಿಡಿಯುವವರನ್ನು ನಾನು ಇನ್ನು ನಂಬುವುದಿಲ್ಲ. ಎಣ್ಣೆ ಮೇಲಿನಿಂದ ಕೆಳಕ್ಕೆ ಇಳಿಯುತ್ತದೆ, ಗಾಡಿ ಓಡುವಾಗ ಗಾಳಿಗೆ ಹಿಂದಕ್ಕೆ ಹರಿಯುತ್ತದೆ, ಸಂದುಗೊಂದುಗಳಲ್ಲಿ ಹರಿದಾಡಿ ಕೊನೆಗೆ ಅತಿ ತಗ್ಗಿನ ಮೂಲೆಯಿಂದ ತೊಟ್ಟಿಕ್ಕುತ್ತದೆ. ಮೆಜೆಸ್ಟಿಕ್‌ನಲ್ಲಿ ಬಸ್ಸಿಳಿದವನು ಮೆಜೆಸ್ಟಿಕ್‌ನವನೇ ಆಗಿರಬೇಕೆಂದಿಲ್ಲ. ಇಪ್ಪತ್ತು ವರ್ಷದ ಕೊಳೆ, ಧೂಳು, ಎಣ್ಣೆ ಸೇರಿ ಹೆಪ್ಪುಗಟ್ಟಿದ ಎಂಜಿನ್ನಿನಲ್ಲಿ ಹಳೆಯ ಸೋರಿಕೆ ಯಾವುದು, ಇವತ್ತಿನದು ಯಾವುದು ಎಂದು ಬ್ರಹ್ಮನಿಗೂ ಹೇಳಲಾಗುವುದಿಲ್ಲ.

ಮರುದಿನ ಎಂಜಿನ್ ತಣ್ಣಗಿರುವಾಗಲೇ, ಸ್ಪಾರ್ಕ್ ಪ್ಲಗ್ಗುಗಳಿಗೆ ಕಿಡಿಯ ವಿದ್ಯುತ್ ಹಂಚುವ ಡಿಸ್ಟ್ರಿಬ್ಯೂಟರಿಗೂ ಕಾರ್ಬುರೇಟರಿಗೂ ಪ್ಲಾಸ್ಟಿಕ್ ಚೀಲ ಕಟ್ಟಿದರು. ಡೀಸೆಲ್ ಅದ್ದಿದ ಬ್ರಷ್ಷಿನಿಂದ ಮೂಲೆಮೂಲೆ ಉಜ್ಜಿ, ಕೊಳೆಯನ್ನು ಚರಂಡಿಗೆ ಬಿಡದೆ ಟ್ರೇಯಲ್ಲಿ ಹಿಡಿದು, ಗಾಳಿ ಹೊಡೆದು ಒಣಗಿಸಿದರು. ಆಮೇಲೆ ಮುಖಕ್ಕೆ ಹಚ್ಚುವ ಮಾಮೂಲಿ ಪೌಡರಿನ ಡಬ್ಬಿ ತೆಗೆದು, ಅನುಮಾನವಿದ್ದ ಜಾಗಗಳಿಗೆಲ್ಲ ಉದುರಿಸಿದರು. ಎಂಜಿನ್ ವಿಭೂತಿ ಬಳಿದುಕೊಂಡ ಜಂಗಮರಂತೆ ಕಾಣುತ್ತಿತ್ತು. ‘ಹೊಸೂರು ರಸ್ತೆ ಕಡೆ ಹೋಗಿ, ಒಂದು ಹದಿನೈದು ಕಿಲೋಮೀಟರ್ ಸುತ್ತಿ ಬನ್ನಿ’ ಎಂದರು.

ಹೋಗಿ ಬಂದೆ. ಎಂಜಿನ್ ನಿಲ್ಲಿಸಿ, ಟಾರ್ಚ್ ಮತ್ತು ಗಡ್ಡ ಹೆರೆಯುವ ಪುಟ್ಟ ಕನ್ನಡಿ ಹಿಡಿದು ಇಬ್ಬರೂ ಬಗ್ಗಿದೆವು. ಬೆಲ್ ಹೌಸಿಂಗಿನ ತಳದಲ್ಲಿ ಆಗಲೇ ಒಂದು ಹನಿ ಕೂತಿತ್ತು. ಭಾಯ್ ಅದರ ಕಡೆ ನೋಡಲೇ ಇಲ್ಲ. ಒದ್ದೆಯ ಗೆರೆಯನ್ನು ಹಿಡಿದುಕೊಂಡು ಮೇಲೆ, ಇನ್ನೂ ಮೇಲೆ, ಪೌಡರ್ ಮತ್ತೆ ಬೆಳ್ಳಗೆ ಒಣಗಿರುವ ಜಾಗದವರೆಗೂ ಹೋದರು. ಗೆರೆ ಶುರುವಾದದ್ದು ಡಿಸ್ಟ್ರಿಬ್ಯೂಟರಿನ ಬುಡದಲ್ಲಿ.

ಝೆನ್ನಿನ ಈ 993 ಸಿಸಿ ಎಂಜಿನ್ನನ್ನು ಅಡ್ಡಲಾಗಿ ಕೂರಿಸಿದ್ದಾರೆ. ಟೈಮಿಂಗ್ ಬೆಲ್ಟ್ ಒಂದು ತುದಿಗೆ, ಗೇರ್‌ಬಾಕ್ಸ್ ಇನ್ನೊಂದು ತುದಿಗೆ. ಗೇರ್‌ಬಾಕ್ಸ್ ಕಡೆಯ ತುದಿಯಲ್ಲೇ, ಎಂಜಿನ್ನಿನ ಮೇಲ್ಭಾಗವಾದ ಹೆಡ್ಡಿಗೆ ಅಂಟಿಕೊಂಡು ಡಿಸ್ಟ್ರಿಬ್ಯೂಟರ್ ಇದೆ. ವಾಲ್ವುಗಳನ್ನು ತೆರೆಯುವ ಕ್ಯಾಮ್ ಶಾಫ್ಟ್ ಅದನ್ನು ತಿರುಗಿಸುತ್ತದೆ. ಅದು ಕೂರುವಲ್ಲಿ ಎಣ್ಣೆ ಹೊರಬರದಂತೆ ತಡೆಯುವುದು ಒಂದು ರಬ್ಬರ್ ಓ ರಿಂಗ್. ಆ ರಿಂಗ್ ಹಾಳಾದರೆ ಎಣ್ಣೆ ನೇರವಾಗಿ ಗೇರ್‌ಬಾಕ್ಸಿನ ನೆತ್ತಿಗೆ ಬಿದ್ದು, ಬೆಲ್ ಹೌಸಿಂಗನ್ನು ಬಳಸಿ ಇಳಿದು, ಕ್ರ್ಯಾಂಕ್ ಸೀಲ್ ಹೋದಾಗ ಎಲ್ಲಿ ತೊಟ್ಟಿಕ್ಕುತ್ತದೋ ಸರಿಯಾಗಿ ಅಲ್ಲೇ ತೊಟ್ಟಿಕ್ಕುತ್ತದೆ. ಕೆಳಗಿನಿಂದ ನೋಡುವವನಿಗೆ ಎರಡೂ ಒಂದೇ. ಮೇಲಿನಿಂದ ನೋಡುವವನಿಗೆ ಒಂದಕ್ಕೆ ಗೇರ್‌ಬಾಕ್ಸ್ ಇಳಿಸಬೇಕು, ಇನ್ನೊಂದಕ್ಕೆ ಅರ್ಧ ಗಂಟೆ ಸಾಕು.

ಡಿಸ್ಟ್ರಿಬ್ಯೂಟರ್ ಯಾವ ಕೋನದಲ್ಲಿ ಕೂತಿದೆ ಎಂದು ಚೂಪು ಮೊಳೆಯಲ್ಲಿ ಗೀರು ಹಾಕಿಕೊಂಡೇ ಭಾಯ್ ಅದನ್ನು ಬಿಚ್ಚಿದರು. ಮನೆಯಲ್ಲೇ ಮಾಡಲು ಹೊರಡುವವರು ಇದನ್ನು ಮರೆಯಬೇಡಿ. ಗುರುತಿಲ್ಲದೆ ತೆಗೆದು ಅಂದಾಜಿನಲ್ಲಿ ಕೂರಿಸಿದರೆ ಇಗ್ನಿಷನ್ ಟೈಮಿಂಗ್ ತಪ್ಪಿ, ಲೀಕ್ ನಿಂತರೂ ಗಾಡಿ ಎಳೆಯುವುದಿಲ್ಲ. ಹಳೆಯ ಓ ರಿಂಗನ್ನು ಬೆರಳಲ್ಲಿ ಬಗ್ಗಿಸಿದೆ. ಗಾಜಿನ ಬಳೆಯಂತೆ ಪಟ್ಟೆಂದು ಮುರಿಯಿತು. ವರ್ಷಗಟ್ಟಲೆ ಬಿಸಿ ತಿಂದ ರಬ್ಬರ್ ಹಾಗಾಗುತ್ತದೆ, ಚಪ್ಪಟೆಯಾಗಿ ಕಲ್ಲಾಗುತ್ತದೆ. ಆಗ ಆ ಮೆತ್ತನೆಯ ಕ್ರ್ಯಾಂಕ್ ಸೀಲ್ ನೆನಪಾಯಿತು. ಜೆ.ಸಿ. ರಸ್ತೆಗೆ ಮುರಿದ ತುಂಡುಗಳನ್ನೇ ಒಯ್ದು, ಅಳತೆ ತೋರಿಸಿ ಹೊಸದು ತಂದೆ. ಬೆಲೆ ಒಂದು ಪ್ಲೇಟ್ ಇಡ್ಲಿ ವಡೆಗಿಂತ ಕಡಿಮೆ.

ಇಲ್ಲಿಗೆ ಮುಗಿಯಿತೆಂದು ನಾನು ಪರ್ಸ್ ತೆಗೆದರೆ ಭಾಯ್ ಎಂಜಿನ್ ಚಾಲೂ ಮಾಡಿಸಿದರು. ಆಯಿಲ್ ಹಾಕುವ ಮುಚ್ಚಳ ತಿರುಗಿಸಿ, ತೆಗೆಯದೆ ಸುಮ್ಮನೆ ಬಾಯಿಯ ಮೇಲಿಟ್ಟರು. ಮುಚ್ಚಳ ಕುಣಿಯತೊಡಗಿತು. ಎಂಜಿನ್ನಿನ ನೆತ್ತಿ ಮುಚ್ಚುವ ಟ್ಯಾಪೆಟ್ ಕವರಿನ ಸುತ್ತ ಪ್ಯಾಕಿಂಗ್ (ಗ್ಯಾಸ್ಕೆಟ್) ಬೆವರಿದಂತೆ ಇದ್ದದ್ದಕ್ಕೂ, ಓ ರಿಂಗ್ ಕೈಕೊಟ್ಟಿದ್ದಕ್ಕೂ ಕಾರಣ ಇಲ್ಲಿತ್ತು. ಪಿಸ್ಟನ್ ರಿಂಗುಗಳನ್ನು ದಾಟಿ ಸ್ವಲ್ಪ ಹೊಗೆ ಯಾವ ಎಂಜಿನ್ನಿನಲ್ಲಾದರೂ ಕೆಳಗಿಳಿಯುತ್ತದೆ. ಅದನ್ನು ಮತ್ತೆ ಎಳೆದುಕೊಂಡು ಸುಡಲೆಂದೇ ಬ್ರೀದರ್ ಪೈಪ್ ಮತ್ತು ಪಿಸಿವಿ ವಾಲ್ವ್ ಇರುತ್ತವೆ. ನನ್ನ ಬ್ರೀದರ್ ಪೈಪ್ ಹಿಂಡಿದರೆ ಕಾಕಂಬಿಯಂತಹ ಕಪ್ಪು ಹೂಳು ಬಂತು. ಕುಕ್ಕರಿನ ವೆಯ್ಟ್ ಕೂರುವ ತೂತಿಗೆ ಬೇಳೆ ಸಿಕ್ಕಿಕೊಂಡರೆ ಹಬೆ ಗ್ಯಾಸ್ಕೆಟ್ಟಿನ ಸಂದಿನಿಂದ ಸಿಡಿಯುವುದಿಲ್ಲವೇ, ಇದೂ ಹಾಗೆಯೇ. ಒಳಗಿನ ಒತ್ತಡ ಇರುವುದರಲ್ಲೇ ಸೊರಗಿದ ಸೀಲನ್ನು ಹುಡುಕಿ ಎಣ್ಣೆಯನ್ನು ಆಚೆ ದೂಡುತ್ತದೆ. ಬ್ರೀದರ್ ಬಿಡಿಸದೆ ಸೀಲ್ ಮೇಲೆ ಸೀಲ್ ಹಾಕುತ್ತಾ ಹೋದರೆ ಇವತ್ತು ಒಂದು ಕಡೆ ನಿಂತದ್ದು ನಾಳೆ ಇನ್ನೊಂದು ಕಡೆ ಕಿತ್ತುಕೊಳ್ಳುತ್ತದೆ.

ಹೂಳು ಕಟ್ಟಿದ್ದು ನನ್ನದೇ ಚಾಳಿಯಿಂದ. ಮನೆಯಿಂದ ಮೆಟ್ರೊ ನಿಲ್ದಾಣಕ್ಕೆ ಎರಡು ಕಿಲೋಮೀಟರ್, ಸಂಜೆ ಮತ್ತೆ ಎರಡು. ಎಂಜಿನ್ ಪೂರ್ತಿ ಬಿಸಿಯಾಗುವ ಮೊದಲೇ ನಿಲ್ಲುತ್ತದೆ, ಒಳಗಿನ ತೇವ ಆವಿಯಾಗದೆ ಎಣ್ಣೆಯಲ್ಲೇ ಬೆರೆಯುತ್ತದೆ. ಮುಚ್ಚಳದ ಒಳಗೆ ಬೆಣ್ಣೆಯಂತಹ ಕೆನೆ ಕಂಡರೆ ಅದರ ಗುರುತು. ಅದೇ ಕೆನೆ ಹೆಡ್ ಗ್ಯಾಸ್ಕೆಟ್ ಹೋದಾಗಲೂ ಬರುವುದರಿಂದ ಕೂಲೆಂಟ್ ಕಡಿಮೆಯಾಗುತ್ತಿದೆಯೇ ಎಂದೂ ನೋಡಬೇಕು. ಬ್ರೀದರ್ ತೊಳೆದ ಮೇಲೂ ಮುಚ್ಚಳ ಕುಣಿಯುತ್ತಿದ್ದರೆ ರಿಂಗುಗಳೇ ಸವೆದಿರಬಹುದು, ಕಂಪ್ರೆಷನ್ (ಸಿಲಿಂಡರಿನ ಒತ್ತಡ) ನೋಡಿಸಬೇಕು. ನನ್ನದು ಸುಮ್ಮನಾಯಿತು.

ಟ್ಯಾಪೆಟ್ ಕವರ್ ಬಿಚ್ಚಿದಾಗ ಇನ್ನೊಂದು ಕಥೆ ಹೊರಬಂತು. ಹಿಂದೆ ಯಾರೋ ಪ್ಯಾಕಿಂಗ್ ಬದಲಿಸುವ ಗೋಜಿಗೆ ಹೋಗದೆ ಹಳೆಯದರ ಮೇಲೆಯೇ ದೋಸೆಗೆ ಬೆಣ್ಣೆ ಸವರಿದಂತೆ ಸಿಲಿಕೋನ್ ಅಂಟು ಸವರಿ, ಬೋಲ್ಟುಗಳನ್ನು ಜೀವ ಹೋಗುವಂತೆ ಬಿಗಿದಿದ್ದರು. ಹೊರಗೆ ಉಬ್ಬಿದಷ್ಟೇ ಅಂಟು ಒಳಕ್ಕೂ ಉಬ್ಬಿರುತ್ತದೆ. ಅದು ಕಿತ್ತು, ಎಂಜಿನ್ ತಳದ ಎಣ್ಣೆ ತೊಟ್ಟಿಯಾದ ಚೇಂಬರಿಗೆ ಬಿದ್ದು, ಆಯಿಲ್ ಪಂಪಿನ ಜಾಲರಿಗೆ ಅಡ್ಡ ಕೂತರೆ ಎಂಜಿನ್ನಿಗೆ ಎಣ್ಣೆಯೇ ಸಿಗುವುದಿಲ್ಲ. ಸೋರಿಕೆಗಿಂತ ಅದು ದೊಡ್ಡ ಅಪಾಯ. ಜೋರಾಗಿ ಬಿಗಿದರೆ ಲೀಕ್ ನಿಲ್ಲುತ್ತದೆ ಎಂಬುದೂ ಭ್ರಮೆ. ಬೋಲ್ಟಿನ ಸುತ್ತ ಕವರ್ ಬಾಗಿ, ನಡುವಿನ ಜಾಗದಲ್ಲಿ ಸಂದು ಬಿಡುತ್ತದೆ.

ದಪ್ಪ ಆಯಿಲ್ ಹಾಕಿ, ಲೀಕ್ ನಿಲ್ಲಿಸುವ ಬಾಟಲಿ ಸುರಿಯಿರಿ ಎಂದು ಸಲಹೆ ಕೊಟ್ಟವರಿಗೂ ಒಂದು ಮಾತು. ಆ ಬಾಟಲಿಗಳು ರಬ್ಬರನ್ನು ಸ್ವಲ್ಪ ಮೆದುಗೊಳಿಸಿ ಉಬ್ಬಿಸುತ್ತವೆ. ಬಳೆಯಂತೆ ಮುರಿಯುವ ರಬ್ಬರಿಗೆ ಅದರಿಂದ ಏನೂ ಆಗದು.

ಎಲ್ಲ ಸೋರಿಕೆಯನ್ನೂ ನಿಲ್ಲಿಸಲೇಬೇಕೆಂಬ ಹಟವೂ ನನಗಿಲ್ಲ. ಇಪ್ಪತ್ತು ಹನಿ ಸೇರಿದರೆ ಸುಮಾರು ಒಂದು ಮಿಲಿಲೀಟರ್. ರಾತ್ರಿಗೆ ಹತ್ತು ಹನಿ ಬಿದ್ದರೂ ತಿಂಗಳಿಗೆ ಮೂರು ಟೀ ಚಮಚ ಅಷ್ಟೇ. ಆದರೆ ನೆಲದ ಕಲೆಯನ್ನು ನೋಡಿ ಸಮಾಧಾನ ಪಟ್ಟುಕೊಳ್ಳುವುದೂ ಸರಿಯಲ್ಲ. ಎಂಜಿನ್ ನಿಂತ ಮೇಲೆ ಬೀಳುವುದು ಉಳಿದ ಜಿಡ್ಡು, ಓಡುವಾಗ ಹೋಗುವುದು ರಸ್ತೆಯ ಪಾಲು. ಸರಿಯಾದ ಲೆಕ್ಕ ಹೇಳುವುದು ಎಣ್ಣೆಯ ಮಟ್ಟ ಅಳೆಯುವ ಕಡ್ಡಿ, ಡಿಪ್‌ಸ್ಟಿಕ್. ಬೆಳಗ್ಗೆ, ಸಮತಟ್ಟು ನೆಲದ ಮೇಲೆ, ಚಾಲೂ ಮಾಡುವ ಮೊದಲು ವಾರಕ್ಕೊಮ್ಮೆ ನೋಡಿ. ನನ್ನ ಗಾಡಿ ಕುಡಿಯುವುದೇ ಸುಮಾರು ಮೂರೂವರೆ ಲೀಟರ್, ಅದರಲ್ಲಿ ಅರ್ಧ ಲೀಟರ್ ಕಡಿಮೆಯಾದರೆ ಆಟವಲ್ಲ.

ಸಹಿಸಲೇಬಾರದ ಸೋರಿಕೆಗಳೂ ಇವೆ. ಹೊಗೆ ಹೊರಹೋಗುವ ಬಿಸಿ ಮ್ಯಾನಿಫೋಲ್ಡ್ ಮೇಲೆ ಬೀಳುವ ಎಣ್ಣೆ ಒಂದು. ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ನಿಂತಾಗ ಸುಟ್ಟ ವಾಸನೆ ಒಳಗೆ ಬಂದರೆ ಅದನ್ನು ಮುಂದಿನ ಗಾಡಿಯ ತಲೆಗೆ ಕಟ್ಟಬೇಡಿ. ಇನ್ನೊಂದು, ಕ್ಯಾಮ್ ಸೀಲ್ ಅಥವಾ ಮುಂದಿನ ಕ್ರ್ಯಾಂಕ್ ಸೀಲಿನಿಂದ ಟೈಮಿಂಗ್ ಬೆಲ್ಟಿಗೆ ತಗಲುವ ಎಣ್ಣೆ. ಅದು ಬೆಲ್ಟಿನ ರಬ್ಬರನ್ನೇ ತಿನ್ನುತ್ತದೆ. ಬೆಲ್ಟ್ ಹರಿದರೆ ಗಾಡಿ ನಿಂತಲ್ಲೇ ನಿಂತಿತು. ಬೆಲ್ಟ್ ಬದಲಿಸುವಾಗಲೇ ಆ ಎರಡು ಸೀಲನ್ನೂ ಬದಲಿಸುವುದು ಜಾಣತನ, ಹೇಗೂ ಎಲ್ಲ ಬಿಚ್ಚಿರುತ್ತಾರೆ.

ಹಳೆಯ ಗಾಡಿಯ ಗೆಳೆಯರು ‘ಸೋರಿದರೆ ಒಳಗೆ ಎಣ್ಣೆ ಇದೆ ಅಂತ ಅರ್ಥ’ ಎಂದು ನಗುತ್ತಾರೆ. ನನಗೆ ಈಗ ನಗು ಬರುವುದಿಲ್ಲ. ತಿಂಗಳುಗಟ್ಟಲೆ ರಸ್ತೆ ಕುಡಿದ ಎಣ್ಣೆಯೆಲ್ಲ ಮೊದಲ ಮಾವಿನ ಮಳೆಗೆ ಮೇಲೇಳುತ್ತದೆ. ಆಗ ಜಾರಿ ಬೀಳುವವನು ಸ್ಕೂಟರಿನವನು, ಝೆನ್ನಿನವನಲ್ಲ. ನೋಂದಣಿಗೆ ಹದಿನೈದು ವರ್ಷ ತುಂಬಿದ ಮೇಲೆ ಐದು ವರ್ಷಕ್ಕೊಮ್ಮೆ ಗಾಡಿಯನ್ನು ಆರ್‌ಟಿಒ ಮುಂದೆ ನಿಲ್ಲಿಸಬೇಕೆಂದರೆ ಗೊಣಗುತ್ತೇವೆ. ನನ್ನ ಮುಂದಿನ ಸರದಿ 2027ರಲ್ಲಿ, ನಾನು ಗೊಣಗುವುದಿಲ್ಲ.

ಭಾಯ್ ಎಲ್ಲಕ್ಕೂ ಸೇರಿ ತೆಗೆದುಕೊಂಡದ್ದು 1,200 ರೂಪಾಯಿ. ಚೇಂಬರ್ ಪ್ಯಾಕಿಂಗಿನ ಒಂದು ಮೂಲೆ ಇನ್ನೂ ಸ್ವಲ್ಪ ಒದ್ದೆಯಾಗುತ್ತದೆ. ಎರಡು ದಿನಕ್ಕೆ ಒಂದು ಹನಿ. ಮುಂದಿನ ಆಯಿಲ್ ಚೇಂಜಿಗೆ ನೋಡೋಣ, ಈಗ ಕೆದಕುವುದು ಬೇಡ ಎಂದಿದ್ದಾರೆ, ನನಗೂ ಅದೇ ಸರಿ ಎನಿಸಿದೆ. ಎಂಜಿನ್ ಕೆಳಗೆ ಅಗಲವಾದ ತಗಡಿನ ತಟ್ಟೆಯಲ್ಲಿ ಹಳೆಯ ಪತ್ರಿಕೆ ಹಾಸಿಟ್ಟಿದ್ದೇನೆ. ಪ್ರತಿ ಭಾನುವಾರ ಪೇಪರ್ ಬದಲಿಸುವ ಷರತ್ತಿನ ಮೇಲೆ ಕಾರ್ಯದರ್ಶಿಯವರು ಒಪ್ಪಿದ್ದಾರೆ.