ಸ್ಪಷ್ಟನೆ: ಕುದುರೆಮುಖದ ಹುಲ್ಲುಬೆಟ್ಟಗಳು ‘ಬೋಳು’ ಬೆಟ್ಟಗಳಲ್ಲ

‘ಕುದುರೆಮುಖ, ಮುಳ್ಳಯ್ಯನಗಿರಿ ಬೆಟ್ಟಗಳು ಮರ ಕಡಿದು ಬೋಳಾಗಿವೆ, ಚಾರಣಕ್ಕೆ ಹೋದಾಗ ಬೀಜದುಂಡೆ ಎಸೆಯಿರಿ’ ಎನ್ನುವ ಮೆಸೇಜ್ ಓಡಾಡುತ್ತಿದೆ. ಕಳೆದ ವಾರ ನಾನೂ ಓದಿ ಖುಷಿಯಾಗಿ ಎರಡು ಗ್ರೂಪಿಗೆ ಕಳಿಸಿದ್ದೆ. ಅದು ತಪ್ಪು ಮಾಹಿತಿ.

ಅಲ್ಲಿನ ಹುಲ್ಲು ಮರ ಕಡಿದ ಮೇಲೆ ಬಂದದ್ದಲ್ಲ. ಗಾಳಿ ಹೊಡೆಯುವ ಇಳಿಜಾರಿನಲ್ಲಿ ಹುಲ್ಲು, ಕಣಿವೆಯ ಮಡಿಲಲ್ಲಿ ಶೋಲಾ ಎನ್ನುವ ಕುಳ್ಳ ಮರಗಳ ದಟ್ಟ ಕಾಡು. ಎರಡೂ ಸೇರಿದರೇ ಆ ಬೆಟ್ಟ. ಇಂಥದ್ದೇ ನೀಲಗಿರಿ ಬೆಟ್ಟಗಳ ಜೌಗು ಮಣ್ಣನ್ನು ಪರೀಕ್ಷಿಸಿದ ವಿಜ್ಞಾನಿಗಳಿಗೆ 20 ಸಾವಿರ ವರ್ಷಗಳ ಹಿಂದೆಯೂ ಹುಲ್ಲಿದ್ದ ಗುರುತು ಸಿಕ್ಕಿದೆ. ಮಳೆಗಾಲ ಮುಗಿದ ಮೇಲೆ ಹೋಗಿ ಹುಲ್ಲಿನ ಬುಡ ಮುಟ್ಟಿ ನೋಡಿ, ಸ್ಪಂಜಿನ ಹಾಗೆ ಒದ್ದೆ. ತುಂಗೆ, ಭದ್ರೆ ಹುಟ್ಟುವ ಗಂಗಾಮೂಲ ಇರುವುದೂ ಕುದುರೆಮುಖ ಸೀಮೆಯಲ್ಲೇ ಅಲ್ವಾ?

ನೀಲಗಿರಿಯಲ್ಲಿ ಹೊರದೇಶದ ವಾಟಲ್ ಗಿಡ ನೆಟ್ಟರು. ಅದು ಹಬ್ಬಿ ಹುಲ್ಲುಗಾವಲನ್ನೇ ನುಂಗಿತು, ಈಗ ಕೀಳುವುದೇ ದೊಡ್ಡ ಕೆಲಸವಾಗಿದೆ. 2022ರಲ್ಲಿ ಮುಳ್ಳಯ್ಯನಗಿರಿ ಸುತ್ತ ಕುರಿಂಜಿ ಅರಳಿದ್ದು ನೋಡಲು ಜನ ಮುಗಿಬಿದ್ದರಲ್ಲ, ಆ ಗಿಡ ಬೆಳೆಯುವುದೂ ಇದೇ ‘ಬೋಳು’ ಇಳಿಜಾರಿನಲ್ಲಿ!

ಒಳ್ಳೆಯ ಮನಸ್ಸಿನಿಂದಲೇ ಎಲ್ಲರೂ ಹಂಚುತ್ತಿದ್ದಾರೆ, ಗೊತ್ತು. ಆದರೂ ದಯವಿಟ್ಟು ಇನ್ನು ಮುಂದೆ ಕಳಿಸಬೇಡಿ. ಕಳಿಸಿದ್ದರೆ ಅದೇ ಗ್ರೂಪಿಗೆ ಇದನ್ನೂ ಹಾಕಿಬಿಡಿ.